ಎಂಬತ್ತೇಳರಲ್ಲಿ ಒಂದು ಪಾಲು

ಜಗತ್ತಿನಲ್ಲಿ ಯಾವುದನ್ನು ಬೇಕಾದರೂ ಎಂಬತ್ತೇಳು ಪಾಲು ಕುಗ್ಗಿಸಬಹುದು, ಖರ್ಚೊಂದನ್ನು ಬಿಟ್ಟು. ಮಾದರಿ ರೈಲಿನ ಹುಚ್ಚು ಹಿಡಿದವರೆಲ್ಲ ಒಪ್ಪುವ ಮಾತಿದು. ಒಪ್ಪುತ್ತಾರೆ ಅಷ್ಟೆ, ಮನೆಯೊಳಗೆ ಗಟ್ಟಿಯಾಗಿ ಹೇಳುವುದಿಲ್ಲ.

ನಾನು ಹೇಳುವುದು ಕಾಂಪೌಂಡ್ ಗೋಡೆಯ ಹತ್ತಿರ. ಗೋಡೆಯಾಚೆ ಇರುವವರು ಸ್ಟೇಷನ್ ಮಾಸ್ಟರಾಗಿ ನಿವೃತ್ತರಾದವರು. ಬೆಳಿಗ್ಗೆ ಪೂಜೆಗೆ ಹೂ ಕೊಯ್ಯಲು ಬರುತ್ತಾರೆ. ದಾಸವಾಳ ನಮ್ಮದು, ಕೊಂಬೆ ಅವರ ಕಡೆಗೆ. ಕೊಯ್ಯುತ್ತ ಕೊಯ್ಯುತ್ತ, "ಏನ್ ಸಾರ್, ಗಾಡಿ ಎಲ್ಲೀವರ್ಗೆ ಬಂತು?" ಎಂದು ಕೇಳುತ್ತಾರೆ. ಮಹಡಿಯ ಮೇಲಿನ ಹತ್ತಡಿ ಹನ್ನೆರಡಡಿ ಕೋಣೆಯಲ್ಲಿ ನಾನು ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಘಾಟಿಯ ರೈಲುದಾರಿ ಕಟ್ಟುತ್ತಿರುವುದು ಬೀದಿಗೆಲ್ಲ ಗೊತ್ತು. ಉಳಿದವರಿಗೆ ಅದು ವಯಸ್ಸಾದ ಮೇಲೆ ಬಂದ ಮಕ್ಕಳಾಟ. ಮಾಸ್ಟರಿಗೆ ಮಾತ್ರ ಮೈಸೂರು ಡಿವಿಷನ್ನಿನ ಒಂದು ತುಂಡು, ಆದ್ದರಿಂದ ಇನ್‌ಸ್ಪೆಕ್ಷನ್ನಿಗೆ ಒಳಪಟ್ಟದ್ದು.

ಅವರ ಮೊದಲ ತಕರಾರು ಹಳಿಯ ಅಗಲದ್ದು. ನನ್ನದು ಎಚ್‌ಒ ಅಳತೆ, ಅಂದರೆ 1:87. ನಮ್ಮ ಬ್ರಾಡ್‌ಗೇಜಿನಲ್ಲಿ ಹಳಿಯಿಂದ ಹಳಿಗೆ 1676 ಮಿ.ಮೀ. ಎಂಬತ್ತೇಳರಿಂದ ಭಾಗಿಸಿದರೆ 19.3 ಬರಬೇಕು. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ 16.5. ಯುರೋಪು, ಅಮೆರಿಕದ 1435 ಮಿ.ಮೀ. ಗೇಜಿನ ಲೆಕ್ಕಕ್ಕೆ ಮಾಡಿದ್ದು ಅದು.

"ಅಂದ್ರೆ ಮೂರು ಮಿಲಿಮೀಟರ್ ಕಮ್ಮಿ," ಎಂದರು ಮಾಸ್ಟರು.

"ಹತ್ತಿರ ಹತ್ತಿರ ಮೂರು, ಮಾಸ್ಟ್ರೇ."

"ನಿಜವಾದ ಹಳೀಲಿ ಎಷ್ಟಾಯ್ತು? ಒಂದು ಗೇಣಿನ ಮೇಲಾಯ್ತು. ನಮ್ಮಲ್ಲಾಗಿದ್ರೆ ಹಳಿ ನೋಡ್ಕೊಳ್ಳೋ ಪಿಡಬ್ಲ್ಯುಐನ ಅವತ್ತೇ ಸಸ್ಪೆಂಡ್ ಮಾಡ್ತಿದ್ರು."

ಈ ಸುಳ್ಳಿಗೆ ಇಂಗ್ಲೆಂಡಿನವರೇ ಗುರುಗಳು ಎಂದು ಸಮಾಧಾನ ಹೇಳಿದೆ. ಅಲ್ಲಿನ ಇಂಜಿನ್ನುಗಳು ಯುರೋಪಿನವಕ್ಕಿಂತ ಮೈಯಲ್ಲಿ ಸಣ್ಣವು. ಅವನ್ನು 1:87ಕ್ಕೆ ಇಳಿಸಿದರೆ ಆ ಕಾಲದ ಮೋಟಾರು ಒಳಗೆ ಹಿಡಿಸುತ್ತಿರಲಿಲ್ಲ. ಮೈಯನ್ನು 1:76ಕ್ಕೆ ಉಬ್ಬಿಸಿ, ಹಳಿಯನ್ನು 16.5ರಲ್ಲೇ ಬಿಟ್ಟರು. ಫ್ರಾಂಕ್ ಹಾರ್ನ್‌ಬಿ ಕಟ್ಟಿದ ಮೆಕ್ಯಾನೊ ಕಂಪನಿ 1938ರಲ್ಲಿ ಹಾರ್ನ್‌ಬಿ ಡಬ್ಲೊ ಎಂದು ಆ ಅಳತೆಯ ರೈಲನ್ನೇ ಮಾರುಕಟ್ಟೆಗೆ ತಂದಿತು. ಎರಡು ಮೂರು ತಲೆಮಾರಿನ ಹುಡುಗರು ಆ ಕಿರಿದಾದ ಹಳಿಯ ಮೇಲೆಯೇ ದೊಡ್ಡವರಾದರು. ಇದನ್ನು ಸಹಿಸಲಾಗದವರೂ ಅಲ್ಲಿದ್ದಾರೆ. 18.83 ಮಿ.ಮೀ. ಎಂದು ಎರಡು ದಶಮಾಂಶದವರೆಗೆ ಲೆಕ್ಕ ಹಿಡಿದು, ಸ್ಲೀಪರಿನ ಮೇಲೆ ಹಳಿಯನ್ನು ಕೈಯಾರೆ ಕೂರಿಸುತ್ತಾರೆ. ಅಂಥವರ ಬಗ್ಗೆ ನನಗೆ ಗೌರವವಿದೆ. ಅವರ ಪಕ್ಕದ ಮನೆಯಲ್ಲಿರಲು ಇಷ್ಟವಿಲ್ಲ.

ಮಾಸ್ಟರು ಬೇರೆ ದಾರಿ ತೋರಿಸಿದರು. "ಮೀಟರ್‌ಗೇಜ್ ಕಟ್ಟಿ ಸಾರ್. ಘಾಟಿಗೆ ಮೊದಲು ಬಂದಿದ್ದೇ ಅದು." ಮಾತು ನಿಜ. ಹಾಸನ–ಮಂಗಳೂರು ದಾರಿ 1979ರಲ್ಲಿ ತೆರೆದಾಗ ಅದು ಮೀಟರ್‌ಗೇಜ್. 1996ರಲ್ಲಿ ಪರಿವರ್ತನೆಗೆಂದು ಮುಚ್ಚಿದರು. ಬ್ರಾಡ್‌ಗೇಜಿನಲ್ಲಿ ಗೂಡ್ಸ್ ಓಡಿದ್ದು 2006ಕ್ಕೆ, ಪ್ಯಾಸೆಂಜರ್ ಗಾಡಿ 2007ರ ಕೊನೆಗೆ. ಮೀಟರ್‌ಗೇಜನ್ನು 87ರಿಂದ ಭಾಗಿಸಿದರೆ 11.5. ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳಿಗೆಂದು ಮಾಡಿದ 12 ಮಿ.ಮೀ. ಹಳಿ ಸಿಗುತ್ತದೆ. ಸುಳ್ಳು ಅರ್ಧ ಮಿಲಿಮೀಟರಿಗೆ ಇಳಿಯುತ್ತದೆ. ಆದರೆ ಆ ಹಳಿಯ ಮೇಲೆ ಓಡಿಸಲು ನಮ್ಮ ವೈಡಿಎಂ-4 ಇಂಜಿನ್ನನ್ನು ಚಕ್ರದಿಂದ ಕೊಳವೆಯವರೆಗೆ ನಾನೇ ಮಾಡಬೇಕು. ಬ್ರಾಡ್‌ಗೇಜಿಗಾದರೆ ದಾರಿಯುಂಟು. ನಮ್ಮ ಡಬ್ಲ್ಯುಡಿಜಿ-4 ಅಮೆರಿಕದ ಇಎಂಡಿ ಕಂಪನಿಯ ವಿನ್ಯಾಸ. ಅದರ ದಾಯಾದಿಗಳ ಮಾದರಿ ಹೊರದೇಶದಲ್ಲಿ ಧಾರಾಳವಾಗಿ ಸಿಗುತ್ತದೆ. ಮೋಟಾರು, ಚಕ್ರ, ತಳ ಅದರದ್ದನ್ನು ಇಟ್ಟುಕೊಂಡು ಮೇಲಿನ ಮೈಯನ್ನು 3ಡಿ ಪ್ರಿಂಟ್ ಮಾಡಿಸಿ ಬಣ್ಣ ಹೊಡೆದರೆ ಹುಬ್ಬಳ್ಳಿ ಶೆಡ್ಡಿನ ಇಂಜಿನ್ನು ತಯಾರು.

ಇನ್ನು ಉದ್ದದ ಮಾತು. ಘಾಟ್ ಸೆಕ್ಷನ್ 55 ಕಿಲೋಮೀಟರ್, 57 ಸುರಂಗ, ಐವತ್ತಕ್ಕೆ ಒಂದರ ಏರು. 87ರಿಂದ ಭಾಗಿಸಿ ನೋಡಿ, 632 ಮೀಟರ್ ಬರುತ್ತದೆ. ನಮ್ಮ ಬೀದಿ ಮುಗಿಸಿ, ಹಾಲಿನ ಬೂತು ದಾಟಿ, ವಾಟರ್ ಟ್ಯಾಂಕಿನ ಹತ್ತಿರ ಹೋಗಬೇಕು. ಘಾಟಿಯ ಮಾತಿರಲಿ, ಹುಬ್ಬಳ್ಳಿ ಸ್ಟೇಷನ್ನಿನ 1507 ಮೀಟರಿನ ಪ್ಲಾಟ್‌ಫಾರ್ಮ್ ಒಂದನ್ನೇ ಕಟ್ಟಿದರೂ ಹದಿನೇಳು ಮೀಟರ್ ಬೇಕು. ಕೋಣೆಯ ಬಾಗಿಲು ದಾಟಿ, ಮೆಟ್ಟಿಲ ಮೇಲಿಂದ ಹಾದು, ಮಾಸ್ಟರ ಮನೆಯ ಅಡುಗೆಮನೆಗೆ ನುಗ್ಗೀತು. ತಿರುವಿನದ್ದೂ ಇದೇ ಗೋಳು. ಬ್ರಾಡ್‌ಗೇಜಿನಲ್ಲಿ ಅನುಮತಿಯಿರುವ ಅತಿ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರ್. ಮಾದರಿಯಲ್ಲಿ ಎರಡು ಮೀಟರ್. ಒಂದು ಸುತ್ತು ತಿರುಗಿ ಬರಲು ನಾಲ್ಕು ಮೀಟರ್ ಅಗಲ ಬೇಕು, ಕೋಣೆಯ ಅಗಲವೇ ಮೂರು. ಡಬ್ಬಿಯಲ್ಲಿ ಬರುವ ರೈಲು ಸೆಟ್ಟುಗಳ ತಿರುವು ಹದಿನೆಂಟು ಇಂಚಿನದು. ಅದನ್ನು ನಿಜದ ಅಳತೆಗೆ ತಿರುಗಿಸಿದರೆ ಬರೀ ನಲವತ್ತು ಮೀಟರ್. ಎಕ್ಸ್‌ಪ್ರೆಸ್ ಗಾಡಿ ಇರಲಿ, ಸಿಟಿ ಬಸ್ಸಿನ ಡ್ರೈವರೂ ಅಲ್ಲಿ ಗೇರು ಇಳಿಸುತ್ತಾನೆ.

ನಾನು ಘಾಟಿಯನ್ನೇ ಹಿಡಿದುಕೊಂಡ ಗುಟ್ಟು ಇಲ್ಲಿದೆ. ಬಯಲುಸೀಮೆಯ ರೈಲುದಾರಿ ಕಟ್ಟುವವನು ಬಚ್ಚಿಡಲು ಜಾಗವಿಲ್ಲದೆ ಸಿಕ್ಕಿಬೀಳುತ್ತಾನೆ. ಅರಸೀಕೆರೆಯ ಕಡೆ ಹಳಿ ಕಣ್ಣು ಹಾಯುವವರೆಗೂ ನೇರ ಕಾಣಬೇಕು. ಘಾಟಿಯಲ್ಲಿ ಗಾಡಿ ಒಂದು ಸುರಂಗದಿಂದ ಹೊರಬಂದು, ಸೇತುವೆ ದಾಟಿ, ಇನ್ನೊಂದು ಸುರಂಗಕ್ಕೆ ನುಗ್ಗುತ್ತದೆ. ನೋಡುವವರಿಗೆ ಕಾಣಬೇಕಾದದ್ದು ಆ ನಡುವಿನದಷ್ಟೆ. ಬಿಗಿ ತಿರುವುಗಳೆಲ್ಲ ಗುಡ್ಡದ ಹೊಟ್ಟೆಯಲ್ಲಿ. ಸಕಲೇಶಪುರವೂ ಸುಬ್ರಹ್ಮಣ್ಯ ರೋಡೂ ಮೇಜಿನ ಕೆಳಗೆ ಅಡಗಿಸಿಟ್ಟ ನಾಲ್ಕು ನಾಲ್ಕು ಹಳಿಗಳು, ಗಾಡಿಗಳು ಅಲ್ಲಿಂದ ಬಂದು ಅಲ್ಲಿಗೇ ಹೋಗುತ್ತವೆ. ಮೇಲೆ ಉಳಿದದ್ದು ಕಡಗರವಳ್ಳಿ, ಎಡಕುಮೇರಿ, ಅವುಗಳ ನಡುವೆ ಒಂದು ಬಾಗಿದ ಸೇತುವೆ, ನಾಲ್ಕು ಸುರಂಗ. ಕಟ್ಟುವ ಕೆಲಸದಲ್ಲಿ ಮುಕ್ಕಾಲು ಪಾಲು ಏನನ್ನು ಕಟ್ಟಬಾರದು ಎಂದು ತೀರ್ಮಾನಿಸುವುದರಲ್ಲೇ ಹೋಗುತ್ತದೆ.

"ದೋಣಿಗಲ್ ಎಲ್ಲಿ ಸಾರ್?" ಎಂದರು ಮಾಸ್ಟರು, ಮೊದಲ ಸಲ ಮೇಲೆ ಬಂದಾಗ.

"ಇಲ್ಲ ಮಾಸ್ಟ್ರೇ."

"ಸಿರಿಬಾಗಿಲು?"

"ಅದೂ ಇಲ್ಲ."

ಸ್ಟೇಷನ್ನುಗಳನ್ನು ಮುಚ್ಚಿಸಿದ ರೈಲ್ವೆ ಬೋರ್ಡನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಆಮೇಲೆ ಕನ್ನಡಕ ಏರಿಸಿ ಎಡಕುಮೇರಿಯ ಯಾರ್ಡನ್ನು ಪರೀಕ್ಷಿಸಿ, "ಕ್ಯಾಚ್ ಸೈಡಿಂಗೂ ಇಲ್ಲ," ಎಂದರು. ಇಳಿಜಾರಿನಲ್ಲಿ ಬ್ರೇಕು ತಪ್ಪಿ ಬರುವ ಗಾಡಿ ಸ್ಟೇಷನ್ನಿಗೆ ನುಗ್ಗದಂತೆ ಪಕ್ಕಕ್ಕೆ ತಿರುಗಿಸಿ ನಿಲ್ಲಿಸುವ ಹಳಿ ಅದು. ಇದು ಆಟದ ಗಾಡಿ, ಯಾರ ಪ್ರಾಣವೂ ಹೋಗುವುದಿಲ್ಲ ಎಂದೆ. ಅವರು ಮಾತಾಡದೆ ಕಡಗರವಳ್ಳಿಯಲ್ಲಿ ಒಂದು ವ್ಯಾಗನ್ನಿನ ಕೊಂಡಿ ಬಿಚ್ಚಿ ಕೈಬಿಟ್ಟರು. ಈಗಿನ ಮಾದರಿ ಚಕ್ರಗಳ ಅಚ್ಚಿನ ತುದಿ ಸೂಜಿಮೊನೆಯಷ್ಟು ಚೂಪು, ತಿಕ್ಕಾಟವೇ ಇಲ್ಲ. ವ್ಯಾಗನ್ನು ಸೇತುವೆ ದಾಟಿ, ಎಡಕುಮೇರಿ ಪ್ಲಾಟ್‌ಫಾರ್ಮ್ ಹಾದು, ಮೇಜಿನ ಅಂಚಿಗೆ ಬರುವಷ್ಟರಲ್ಲಿ ಮಾಸ್ಟರೇ ಅದನ್ನು ಹಿಡಿದರು. "ನಿಮ್ಮ ರೈಲು ಚಿಕ್ಕದಾಗಿದೆ ಸಾರ್, ಭೂಮಿ ಚಿಕ್ಕದಾಗಿಲ್ಲ."

ಲೆಕ್ಕ ಹಾಕಿದರೆ ಅವರ ಮಾತಿನಲ್ಲಿ ಭೌತಶಾಸ್ತ್ರವೇ ಇದೆ. ಮೇಜಿನ ಎತ್ತರ ನಾಲ್ಕಡಿ, ನಿಜದ ಅಳತೆಯಲ್ಲಿ ನೂರು ಮೀಟರು ಮಿಕ್ಕಿದ ಪ್ರಪಾತ. ನಿಜವಾದ ಪ್ರಪಾತಕ್ಕೆ ಬಿದ್ದದ್ದು ತಳ ಮುಟ್ಟಲು ನಾಲ್ಕೂವರೆ ಸೆಕೆಂಡು ಬೇಕು. ನನ್ನ ವ್ಯಾಗನ್ನಿಗೆ ಅರ್ಧ ಸೆಕೆಂಡು ಸಾಕು. ಗುರುತ್ವಕ್ಕೆ ಸ್ಕೇಲು ಗೊತ್ತಿಲ್ಲ. ತೂಕದ ವಿಚಾರದಲ್ಲಿ ಇದೇ ತಕರಾರು ತಲೆಕೆಳಗಾಗಿ ಬರುತ್ತದೆ. ಉದ್ದ 87 ಪಾಲು ಕುಗ್ಗಿದರೆ ಗಾತ್ರ 87ರ ಘನದಷ್ಟು, ಅಂದರೆ ಆರೂವರೆ ಲಕ್ಷ ಪಾಲು ಕುಗ್ಗುತ್ತದೆ. 126 ಟನ್ನಿನ ಡಬ್ಲ್ಯುಡಿಜಿ-4 ಪ್ರಾಮಾಣಿಕವಾಗಿ ಕುಗ್ಗಿದರೆ 191 ಗ್ರಾಂ. ಅಷ್ಟು ಹಗುರಾದರೆ ಏರಿನಲ್ಲಿ ಚಕ್ರ ಬರಿದೇ ಸುತ್ತುತ್ತದೆ, ಗಾಡಿ ಕದಲುವುದಿಲ್ಲ. ಅದಕ್ಕೇ ತಯಾರಕರು ಒಳಗೆ ಲೋಹದ ತುಂಡು ತುಂಬಿ ದುಪ್ಪಟ್ಟು ಭಾರ ಮಾಡಿರುತ್ತಾರೆ. ಬೋಗಿಗಳಿಗೂ ಅಷ್ಟೇ. ಅಮೆರಿಕದಲ್ಲಿ 1935ರಲ್ಲಿ ಹುಟ್ಟಿದ ಮಾದರಿ ರೈಲಿನವರ ಸಂಘ ಇದಕ್ಕೊಂದು ಸೂತ್ರವನ್ನೇ ಕೊಟ್ಟಿದೆ: ಎಚ್‌ಒ ಬೋಗಿಗೆ ಒಂದು ಔನ್ಸು, ಜೊತೆಗೆ ಪ್ರತಿ ಇಂಚು ಉದ್ದಕ್ಕೆ ಅರ್ಧ ಔನ್ಸು. ನಮ್ಮ ಐಸಿಎಫ್ ಬೋಗಿ ಮಾದರಿಯಲ್ಲಿ ಹತ್ತಿಂಚಿನ ಹತ್ತಿರ. ಆರು ಔನ್ಸು ಎಂದರೆ 170 ಗ್ರಾಂ. ಸ್ಕೇಲಿನ ಪ್ರಕಾರ ಅರವತ್ತು ಗ್ರಾಂ ಇದ್ದರೆ ಸಾಕಿತ್ತು. ತೆಳ್ಳಗೆ ಕಾಣುವ ಗಾಡಿ ಹಳಿಯ ಮೇಲೆ ನಿಲ್ಲಬೇಕಾದರೆ ಹೊಟ್ಟೆಯಲ್ಲಿ ಮೂರು ಪಟ್ಟು ಕಬ್ಬಿಣ ಇರಬೇಕು.

ಘಾಟಿ ಎಂದ ಮೇಲೆ ಹಿಂದಿನಿಂದ ತಳ್ಳುವ ಬ್ಯಾಂಕರ್ ಇಂಜಿನ್ ಬೇಕೇ ಬೇಕು. ಹಳೆಯ ಪದ್ಧತಿಯಲ್ಲಿ ಹಳಿಗೆ 12 ವೋಲ್ಟ್ ಡಿಸಿ ಕರೆಂಟು ಹರಿಸುತ್ತಿದ್ದರು. ಹೆಚ್ಚಿಸಿದರೆ ಹಳಿಯ ಮೇಲಿರುವ ಎಲ್ಲ ಇಂಜಿನ್ನುಗಳೂ ಒಟ್ಟಿಗೇ ಓಡುತ್ತಿದ್ದವು. ಈಗಿನ ಡಿಸಿಸಿ ಪದ್ಧತಿಯಲ್ಲಿ ಹಳಿಯಲ್ಲಿ ಯಾವಾಗಲೂ ಪೂರ್ತಿ ಕರೆಂಟು ಇರುತ್ತದೆ, ಅದರ ಜೊತೆಗೇ ಅಪ್ಪಣೆಯೂ ಹರಿಯುತ್ತದೆ. ಪ್ರತಿ ಇಂಜಿನ್ನಿನ ಹೊಟ್ಟೆಯಲ್ಲಿರುವ ಚಿಪ್ಪು ತನ್ನ ನಂಬರಿಗೆ ಬಂದ ಅಪ್ಪಣೆಯನ್ನಷ್ಟೇ ಪಾಲಿಸುತ್ತದೆ. ಎರಡು ಇಂಜಿನ್ನುಗಳ ವೇಗ ಸರಿಹೊಂದಿಸುವುದೇ ಒಂದು ವ್ರತ. ಸ್ಟೀಲ್ ಬೀರುವನ್ನು ಇಬ್ಬರು ಮೆಟ್ಟಿಲು ಹತ್ತಿಸುವುದನ್ನು ನೋಡಿದ್ದೀರಲ್ಲ, ಮುಂದಿನವನು ಅವಸರ ಮಾಡಿದರೆ ಬೀರು ಒಂದು ಗೋಡೆಗೆ ತಾಗುತ್ತದೆ, ಹಿಂದಿನವನು ಅವಸರ ಮಾಡಿದರೆ ಇನ್ನೊಂದಕ್ಕೆ. ತಿರುವಿನಲ್ಲಿ ಮುಂದಿನ ಇಂಜಿನ್ನು ಹೆಚ್ಚು ಎಳೆದರೆ ನಡುವಿನ ಬೋಗಿಗಳು ಒಳಗಡೆಗೆ ಮಗುಚುತ್ತವೆ, ಬ್ಯಾಂಕರ್ ಹೆಚ್ಚು ತಳ್ಳಿದರೆ ಹೊರಗಡೆಗೆ.

ಮಾಸ್ಟರ ಮಗ ಸಾಫ್ಟ್‌ವೇರಿನವನು. ಹಬ್ಬಕ್ಕೆ ಬಂದಾಗ ಮೇಲೆ ಹತ್ತಿ ನೋಡಿ, "ಅಂಕಲ್, ಚೆನ್ನಾಗಿ ಟೈಮ್‌ಪಾಸ್ ಆಗುತ್ತೆ ಅಲ್ವಾ?" ಎಂದ. ಅವನ ಕಸುಬಿಗೂ ನನ್ನ ಟೈಮ್‌ಪಾಸಿಗೂ ಮುತ್ತಜ್ಜ ಒಬ್ಬನೇ ಎಂದು ಹೇಳಬೇಕಾಯಿತು. ಅಮೆರಿಕದ ಎಂಐಟಿಯಲ್ಲಿ 1946ರ ಹೊತ್ತಿಗೆ ವಿದ್ಯಾರ್ಥಿಗಳ ಮಾದರಿ ರೈಲು ಕ್ಲಬ್ಬೊಂದು ಹುಟ್ಟಿತು. ಅದರಲ್ಲಿ ಎರಡು ಪಂಗಡ. ಒಂದಕ್ಕೆ ಬೆಟ್ಟಗುಡ್ಡ, ಬೋಗಿ, ಬಣ್ಣದ ಚಿಂತೆ. ಇನ್ನೊಂದು ಮೇಜಿನ ಅಡಿಯಲ್ಲೇ ಮಲಗಿರುತ್ತಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನ ಹಳೆಯ ರಿಲೇಗಳನ್ನು ತಂದು, ಯಾವ ರೈಲು ಯಾವ ತುಂಡು ಹಳಿಯಲ್ಲಿದ್ದರೂ ಅದರ ಹತೋಟಿ ಕೈತಪ್ಪದಂತೆ ವೈರು ಹೆಣೆಯುವುದು ಅವರ ಗೀಳು. 1950ರ ದಶಕದ ಕೊನೆಗೆ ಕ್ಯಾಂಪಸ್ಸಿಗೆ ಕಂಪ್ಯೂಟರುಗಳು ಬಂದಾಗ ರಾತ್ರಿಯೆಲ್ಲ ಅವುಗಳ ಮುಂದೆ ಕೂತವರು ಇದೇ ಮೇಜಿನಡಿಯ ಹುಡುಗರು. ಮಾಸ್ಟರ ಮಗ ನಂಬಲಿಲ್ಲ. ಫೋನಿನಲ್ಲಿ ಹುಡುಕಿ ನೋಡಿ ಸುಮ್ಮನಾದ. ಆಮೇಲೆ ಒಂದು ಮಧ್ಯಾಹ್ನ ಪೂರ್ತಿ ಮೇಜಿನಡಿಯಲ್ಲೇ ಇದ್ದ.

ವೈರು ಮುಗಿದ ಮೇಲೆ ಬರುವುದು ನನಗೆ ನಿಜವಾಗಿ ಪ್ರೀತಿಯ ಕೆಲಸ, ನೆಲ ಮತ್ತು ಗಿಡ. ಯುರೋಪಿನಿಂದ ಬರುವ ಮನೆಗಳ ಕಿಟ್ಟಿನಲ್ಲಿ ಹಿಮ ಜಾರುವ ಮಾಡು, ಮರಗಳೆಲ್ಲ ಪೈನು. ಎಡಕುಮೇರಿಗೆ ಅವು ಯಾವುವೂ ಆಗುವುದಿಲ್ಲ. ಗುಡ್ಡಕ್ಕೆ ಥರ್ಮಕೋಲ್ ಕೊರೆದು, ಮೇಲೆ ಹಳೆಯ ಪೇಪರು, ಪ್ಲಾಸ್ಟರ್ ಆಫ್ ಪ್ಯಾರಿಸ್. ಕಾಡಿನ ನೆಲಕ್ಕೆ ಕುದಿಸಿ ಒಣಗಿಸಿದ ಟೀ ಚರಟಕ್ಕಿಂತ ಒಳ್ಳೆಯ ಸಾಮಗ್ರಿಯನ್ನು ಯಾವ ಕಂಪನಿಯೂ ಮಾಡಿಲ್ಲ. ಪೊದೆಗೆ ಪಾತ್ರೆ ಉಜ್ಜುವ ನಾರು, ಒಣಗಿದ ಹೀರೆಕಾಯಿಯ ಜಾಲ. ಮಂಗಳೂರು ಹಂಚು ಮಾತ್ರ ಕಣ್ಣು ಕೀಳುತ್ತದೆ. ಒಂದೊಂದು ಹಂಚೂ ಐದು ಮಿಲಿಮೀಟರಿಗಿಂತ ಕಡಿಮೆ, ರಟ್ಟಿನ ಪಟ್ಟಿಯಲ್ಲಿ ಗೀರಿ ಗೀರಿ ಸಾಲು ಜೋಡಿಸಬೇಕು.

ಹಳಿಯಡಿಯ ಜಲ್ಲಿಯದೇ ಒಂದು ಶಾಸ್ತ್ರ. ನಿಜದ ಜಲ್ಲಿಯಲ್ಲಿ ದಪ್ಪ ಕಲ್ಲು ಐವತ್ತು ಅರವತ್ತು ಮಿ.ಮೀ., ಇಲ್ಲಿ ಮುಕ್ಕಾಲು ಮಿ.ಮೀ. ಒಳಗೆ. ಮರಳನ್ನು ಟೀ ಸೋಸುವ ಜರಡಿಯಲ್ಲಿ ಹಿಡಿದರೆ ಸರಿಯಾಗಿ ಬರುತ್ತದೆ. ಮೊದಲು ಮರಳಿನ ಮೇಲೆ ಆಯಸ್ಕಾಂತ ಆಡಿಸಲೇಬೇಕು. ಕಪ್ಪು ಕಬ್ಬಿಣದ ಕಣಗಳಿದ್ದರೆ ಇಂಜಿನ್ನಿನ ಮೋಟಾರು ಅವನ್ನು ಎಳೆದುಕೊಂಡು ಜಾಮ್ ಆಗುತ್ತದೆ. ಆಮೇಲೆ ಫೆವಿಕಾಲಿಗೆ ಸಮ ನೀರು ಬೆರೆಸಿ ಹನಿ ಹನಿ ಬಿಡುವುದು. ಬರೀ ನೀರು ಬೆರೆಸಿದರೆ ಹನಿ ದುಂಡಗೆ ನಿಂತು, ಉರುಳಿ, ಮರಳನ್ನೂ ಹೊತ್ತುಕೊಂಡು ಹೋಗುತ್ತದೆ. ಪಾತ್ರೆ ಸೋಪಿನ ಒಂದು ಹನಿ ಹಾಕಿದರೆ ಸದ್ದಿಲ್ಲದೆ ಒಳಗಿಳಿಯುತ್ತದೆ. ನೀರೂ ಸ್ಕೇಲಿಗೆ ಬಗ್ಗದ ವಸ್ತುವೇ. ಸೇತುವೆಯ ಕೆಳಗೆ ನಿಜವಾದ ನೀರು ಹರಿಸಿದರೆ ತೊರೆಯ ಹಾಗೆ ಕಾಣುವುದಿಲ್ಲ, ಮೇಜಿನ ಮೇಲೆ ನೀರು ಚೆಲ್ಲಿದ ಹಾಗೆಯೇ ಕಾಣುತ್ತದೆ. ಪಾರದರ್ಶಕ ರೆಸಿನ್ನನ್ನು ತೆಳುವಾಗಿ ಪದರ ಪದರ ಹೊಯ್ದು ಒಣಗಿಸಿದರೆ ತೊರೆ ಹುಟ್ಟುತ್ತದೆ.

ಮಾಸ್ಟರು ನನ್ನ ಹಸಿರು ಗುಡ್ಡವನ್ನು ನೋಡಿ, "ತುಂಬ ಲಕ್ಷಣವಾಗಿದೆ, ಅದೇ ದೋಷ," ಎಂದರು. 2018ರ ಮಳೆಯಲ್ಲಿ ಘಾಟಿಯುದ್ದಕ್ಕೂ ಮಣ್ಣು ಜರಿದು ದಾರಿ ಮುಚ್ಚಿತ್ತು. 2024ರ ಜುಲೈನಲ್ಲಿ ಮತ್ತೆ ಎಡಕುಮೇರಿ–ಕಡಗರವಳ್ಳಿ ನಡುವೆಯೇ ಹಳಿಯ ಕೆಳಗಿನ ಮಣ್ಣು ಕುಸಿಯಿತು. ಕಲ್ಲು ತುಂಬಿದ ತಂತಿಬಲೆಯ ತಡೆಗೋಡೆ, ಟಾರ್ಪಾಲು, ಕೊಡೆ ಹಿಡಿದ ಗ್ಯಾಂಗ್‌ಮನ್ ಇಲ್ಲದ ಘಾಟಿಯನ್ನು ಅವರು ಘಾಟಿ ಎಂದು ಒಪ್ಪುವುದಿಲ್ಲ. ಈಗ ಸೊಳ್ಳೆಪರದೆಯ ತುಂಡಿನಲ್ಲಿ ಸಣ್ಣ ಕಲ್ಲು ಕಟ್ಟಿ ತಡೆಗೋಡೆ ಮಾಡಿದ್ದೇನೆ. ಎರಡು ಸೆಂಟಿಮೀಟರ್ ಎತ್ತರದ ಗ್ಯಾಂಗ್‌ಮನ್ನಿಗೆ ಕೊಡೆಯನ್ನೂ ಕೊಟ್ಟಿದ್ದೇನೆ. ಅವನು ಕಾಯಬೇಕಾದದ್ದು ಹಲ್ಲಿಯನ್ನು. ರಾತ್ರಿ ಸೇತುವೆಯ ಮೇಲೆ ನಡೆಯುವ ನಮ್ಮ ಮನೆಯ ಹಲ್ಲಿ ಅವನ ಅಳತೆಯಲ್ಲಿ ಎಂಟೊಂಬತ್ತು ಮೀಟರ್ ಉದ್ದ.

ನಮ್ಮವರಿಗೆ ಇದು ಹೊಸದೇನಲ್ಲ ಎಂದು ನನಗೆ ನೆನಪು ಮಾಡಿಕೊಟ್ಟವಳು ಮನೆಯಾಕೆ. ಮೈಸೂರು ಕಡೆಯ ಮನೆಗಳಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವಾಗ ಮೆಟ್ಟಿಲುಗಳ ಮುಂದೆ ಒಂದು ಊರನ್ನೇ ಮಾಡುವುದುಂಟು. ವಾರ ಮುಂಚೆ ರಾಗಿ ಚೆಲ್ಲಿ ಮೊಳಕೆ ಬರಿಸಿದ ಹೊಲ, ಕನ್ನಡಿಯ ಕೆರೆ, ಪಾರ್ಕು, ಮೃಗಾಲಯ, ಸೆಟ್ಟಿ ಸೆಟ್ಟಿತಿಯ ಅಂಗಡಿ, ಸುತ್ತಲೂ ಕೀ ಕೊಡುವ ರೈಲು. ಅಲ್ಲಿ ಸ್ಕೇಲಿನ ಹಂಗಿಲ್ಲ. ಸೆಟ್ಟಿಯ ಮುಂದಿನ ಕುಂಬಳಕಾಯಿ ರೈಲಿನ ಇಂಜಿನ್ನಿಗಿಂತ ದಪ್ಪ. ಕೃಷ್ಣ ಕೆರೆಯಲ್ಲಿ ನಿಂತರೆ ಕೆರೆ ಅವನ ಕಾಲ್ಬೆರಳಿಗೂ ಸಾಲದು. ಯಾವ ಮಗುವೂ ಇದನ್ನು ಕೇಳಿದ್ದಿಲ್ಲ. "ರೀ, ಈ ಸಲ ನಿಮ್ಮ ರೈಲು ಕೊಡಿ," ಎಂದಳು. 1:87ರ ಗಾಡಿ ಪಟ್ಟದ ಗೊಂಬೆಗಳ ಪಾದದ ಹತ್ತಿರ ಓಡುವುದು ನನಗೆ ಸರಿಬರಲಿಲ್ಲ. ಕೊಟ್ಟೆ. ಆ ಒಂಬತ್ತು ದಿನ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು, ಮಕ್ಕಳು ಅದನ್ನು ನೋಡಿ ಪಟ್ಟ ಖುಷಿಯ ಕಾಲುಭಾಗವನ್ನೂ ಮಹಡಿಯ ಮೇಲಿನ ಎಡಕುಮೇರಿಗೆ ಯಾರೂ ಕೊಟ್ಟಿಲ್ಲ.

ಮಾಸ್ಟರಿಗೆ ಗೊಂಬೆಯೂ ಬೇಡ, ಗುಡ್ಡವೂ ಬೇಡ, ಟೈಮ್‌ಟೇಬಲ್ ಬೇಕು. "ಸುಮ್ನೆ ಸುತ್ತೋದು ಗಿರಗಿಟ್ಲೆ ಸಾರ್. ಸಿಂಗಲ್ ಲೈನಿನಲ್ಲಿ ಎರಡು ಗಾಡಿ ಕ್ರಾಸಿಂಗ್ ಮಾಡ್ಸೋದು ರೈಲ್ವೆ." ಅವರ ಈ ಮಾತಿಗೆ ನಾನು ಪೂರ್ತಿ ಸೋತಿದ್ದೇನೆ. ಆದರೆ ಅಲ್ಲೊಂದು ತೊಡಕು. ಘಾಟಿಯಲ್ಲಿ ಮೂವತ್ತು ಕಿಲೋಮೀಟರ್ ವೇಗ ಎಂದರೆ ನನ್ನ ಹಳಿಯ ಮೇಲೆ ಸೆಕೆಂಡಿಗೆ ಹತ್ತು ಸೆಂಟಿಮೀಟರಿಗೂ ಚೂರು ಕಡಿಮೆ. ಹಾಗೆ ತೆವಳಿದರೂ ಇಡೀ ದಾರಿ ಮೂರು ನಿಮಿಷದೊಳಗೆ ಮುಗಿಯುತ್ತದೆ. ಗಡಿಯಾರವೊಂದು ಹಳೆಯ ಚಾಳಿಯಲ್ಲೇ ನಡೆಯುತ್ತಿರುತ್ತದೆ. ಹೊರದೇಶದ ಹವ್ಯಾಸಿಗಳು ಇದಕ್ಕೆ ಓಡುವ ಗಡಿಯಾರ ಮಾಡಿಕೊಂಡಿದ್ದಾರೆ, ನಾಲ್ಕು ಪಟ್ಟು, ಆರು ಪಟ್ಟು ಬೇಗ ನಡೆಯುವಂಥದ್ದು. ನಾನು ಆರು ಪಟ್ಟಿಗೆ ಇಟ್ಟಿದ್ದೇನೆ. ಹತ್ತು ನಿಮಿಷಕ್ಕೆ ಒಂದು ಗಂಟೆ, ನಾಲ್ಕು ಗಂಟೆಗೆ ಒಂದು ಹಗಲು ರಾತ್ರಿ.

ಭಾನುವಾರಗಳಲ್ಲಿ ಮಾಸ್ಟರು ಎಡಕುಮೇರಿಯಲ್ಲಿ ಡ್ಯೂಟಿಗೆ ಬರುತ್ತಾರೆ. ನಾನು ಕಡಗರವಳ್ಳಿಯ ಮಾಸ್ಟರ್, ಡ್ರೈವರ್, ಗಾರ್ಡ್ ಎಲ್ಲ. ತಾವು ಕೆಲಸ ಕಲಿತ ಕಾಲದ ಬಾಲ್ ಟೋಕನ್ ಪದ್ಧತಿಯನ್ನೇ ಅವರು ಜಾರಿಗೆ ತಂದಿದ್ದಾರೆ. ಎರಡು ಸ್ಟೇಷನ್ನಿಗೂ ಒಂದೊಂದು ಸ್ಟೀಲ್ ಡಬ್ಬಿ, ಟೋಕನ್ನಿಗೆ ಮೊಮ್ಮಗನ ಗೋಲಿ. ಗೋಲಿಯಿಲ್ಲದೆ ಗಾಡಿ ಸೆಕ್ಷನ್ನಿಗೆ ಇಳಿಯುವಂತಿಲ್ಲ. ಆಚೆ ತಲುಪಿದ ಗೋಲಿ ಅಲ್ಲಿನ ಡಬ್ಬಿಗೆ ಬೀಳುವವರೆಗೂ ಈಚೆಯಿಂದ ಇನ್ನೊಂದನ್ನು ತೆಗೆಯುವಂತಿಲ್ಲ. ಒಪ್ಪಿಗೆಯ ಗುರುತಿಗೆ ಪ್ರೈವೇಟ್ ನಂಬರ್ ಕೊಡುವುದು, ರಿಜಿಸ್ಟರಿನಲ್ಲಿ ಬರೆಯುವುದು ಎಲ್ಲವೂ ಉಂಟು.

ಹೋದ ಭಾನುವಾರ ಪ್ಯಾಸೆಂಜರ್ ಗಾಡಿ ಎಡಕುಮೇರಿ ತಲುಪಿತು. ಮಾಸ್ಟರು ಗೋಲಿ ಇಸಿದುಕೊಂಡರು. ಅಷ್ಟರಲ್ಲಿ ಅವರ ಮನೆಯಿಂದ ಊಟಕ್ಕೆ ಕರೆ ಬಂತು, ಗೋಲಿಯನ್ನು ಜೇಬಿಗೆ ಹಾಕಿಕೊಂಡು ಇಳಿದು ಹೋದರು. ಗೂಡ್ಸ್ ಗಾಡಿ ಕಡಗರವಳ್ಳಿಯ ಲೂಪ್ ಲೈನಿನಲ್ಲಿ ನಿಂತಿತು. ಓಡುವ ಗಡಿಯಾರದಲ್ಲಿ ಸಂಜೆಯಾಯಿತು, ರಾತ್ರಿಯಾಯಿತು. ಕಾಂಪೌಂಡಿನ ಹತ್ತಿರ ಹೋಗಿ ಕೂಗಿದೆ. ಕೈ ಒರೆಸಿಕೊಳ್ಳುತ್ತ ಬಂದವರು ಜೇಬು ಮುಟ್ಟಿ ನೋಡಿಕೊಂಡರು.

"ಇಲ್ಲೇ ಕೊಟ್ಬಿಡಿ ಮಾಸ್ಟ್ರೇ, ನಾನೇ ಡಬ್ಬಿಗೆ ಹಾಕ್ಕೋತೀನಿ."

"ಟೋಕನ್ ಹಾಗೆಲ್ಲ ಕೈಯಿಂದ ಕೈಗೆ ಕೊಡೋದಲ್ಲ ಸಾರ್. ಮಷೀನಿಗೆ ನಾನೇ ಹಾಕ್ಬೇಕು. ಮಜ್ಜಿಗೆ ಅನ್ನ ಬಾಕಿಯಿದೆ, ಗೂಡ್ಸ್ ತಾನೇ, ನಿಂತಿರ್ಲಿ."